ಮಾರ್ಲಿನ್ ಪರ್ಕಿನ್ಸ್

ರಿಚರ್ಡ್ ಮಾರ್ಲಿನ್ ಪರ್ಕಿನ್ಸ್ (೨೮ ಮಾರ್ಚ್ ೧೯೦೫ – ೧೪ ಜೂನ್ ೧೯೮೬) ಅಮೆರಿಕದ ಪ್ರಾಣಿತಜ್ಞ, ಮೃಗಾಲಯ ನಿರ್ದೇಶಕ ಹಾಗೂ ದೂರದರ್ಶನ ನಿರೂಪಕ. ೧೯೬೩ರಲ್ಲಿ ಆರಂಭವಾದ 'ವೈಲ್ಡ್ ಕಿಂಗ್‌ಡಮ್' ಎಂಬ ವನ್ಯಜೀವಿ ಸರಣಿಯ ನಿರೂಪಕರಾಗಿ ಇವರು ಪ್ರಸಿದ್ಧರು. ಅಮೆರಿಕದ ಸಾಮಾನ್ಯ ಜನರಲ್ಲಿ ಕಾಡುಪ್ರಾಣಿಗಳ ಬಗ್ಗೆ ಆಸಕ್ತಿ ಮೂಡಿಸಿದ ಈ ಸರಣಿಯು, ಪ್ರಾಣಿಗಳನ್ನು ಚಿತ್ರೀಕರಿಸುವ ವಿಧಾನದ ಕುರಿತ ಚರ್ಚೆಗೂ ಕಾರಣವಾಯಿತು.

ಆರಂಭಿಕ ಜೀವನ

ಪರ್ಕಿನ್ಸ್ ಅವರು ಮಿಸೌರಿ ರಾಜ್ಯದ ಕಾರ್ತೇಜ್ ಪಟ್ಟಣದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಅವರು ಕೆಲಕಾಲ ಕ್ಯಾನ್ಸಸ್ ರಾಜ್ಯದಲ್ಲಿದ್ದ ಬಂಧುಗಳ ಜಮೀನಿನಲ್ಲಿ ಬೆಳೆದರು. ಮಿಸೌರಿ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಅಧ್ಯಯನಕ್ಕೆ ಸೇರಿದರೂ ಪದವಿಯನ್ನು ಪೂರ್ಣಗೊಳಿಸಲಿಲ್ಲ. ೧೯೨೬ರಲ್ಲಿ ಸೇಂಟ್ ಲೂಯಿಸ್ ಮೃಗಾಲಯದಲ್ಲಿ ಆವರಣ ಗುಡಿಸುವ ಕೆಲಸಕ್ಕೆ ಸೇರಿದರು.

ಮೃಗಾಲಯಗಳಲ್ಲಿ ಸೇವೆ

ಎರಡೇ ವರ್ಷಗಳಲ್ಲಿ ಪರ್ಕಿನ್ಸ್ ಅವರು ಅದೇ ಮೃಗಾಲಯದ ಸರೀಸೃಪ ವಿಭಾಗದ ಮೇಲ್ವಿಚಾರಕರಾದರು. ೧೯೨೮ರ ಕೊನೆಯಲ್ಲಿ ಮಂಡಲ ಹಾವಿನ ಕುಟುಂಬಕ್ಕೆ ಸೇರಿದ ಆಫ್ರಿಕಾದ ಗಬೂನ್ ವೈಪರ್ ಅವರನ್ನು ಕಚ್ಚಿತು. ಸಾವಿನ ಅಂಚಿಗೆ ಹೋದ ಅವರು ಚಿಕಿತ್ಸೆಯಿಂದ ಚೇತರಿಸಿಕೊಂಡು ಪುನಃ ಹಾವುಗಳ ನಡುವೆಯೇ ಕೆಲಸ ಮುಂದುವರಿಸಿದರು. ೧೯೩೮ರಲ್ಲಿ ಬಫಲೋ ಮೃಗಾಲಯದ ನಿರ್ದೇಶಕರಾದರು. ೧೯೪೦ರ ದಶಕದ ಮಧ್ಯಭಾಗದಿಂದ ೧೯೬೨ರವರೆಗೆ ಚಿಕಾಗೋದ ಲಿಂಕನ್ ಪಾರ್ಕ್ ಮೃಗಾಲಯವನ್ನು, ೧೯೬೨ರಿಂದ ೧೯೭೦ರವರೆಗೆ ಸೇಂಟ್ ಲೂಯಿಸ್ ಮೃಗಾಲಯವನ್ನು ಮುನ್ನಡೆಸಿದರು. ಹೀಗೆ ಕಸ ಗುಡಿಸಲು ಸೇರಿದ ಸಂಸ್ಥೆಗೇ ಅವರು ಮುಖ್ಯಸ್ಥರಾಗಿ ಮರಳಿದರು.

ಹಿಮಾಲಯ ಯಾತ್ರೆ

೧೯೬೦ರಲ್ಲಿ ಎಡ್ಮಂಡ್ ಹಿಲರಿ ನೇತೃತ್ವದ ಹಿಮಾಲಯ ಯಾತ್ರೆಯಲ್ಲಿ ಪರ್ಕಿನ್ಸ್ ಪ್ರಾಣಿತಜ್ಞರಾಗಿ ಪಾಲ್ಗೊಂಡರು. ಹಿಮಮಾನವ ಅಥವಾ ಯೇತಿಯ ಕುರಿತ ಸುದ್ದಿಗಳನ್ನು ಪರಿಶೀಲಿಸುವುದು ತಂಡದ ಉದ್ದೇಶಗಳಲ್ಲಿ ಒಂದಾಗಿತ್ತು. ಸಣ್ಣ ಪ್ರಾಣಿಗಳ ಹೆಜ್ಜೆಗಳು ಬಿಸಿಲಿಗೆ ಕರಗಿ, ಒಂದರೊಡನೊಂದು ಸೇರಿ ದೊಡ್ಡ ಪಾದದಂತೆ ಕಾಣುತ್ತವೆ ಎಂಬುದನ್ನು ತಂಡವು ಗಮನಿಸಿತು. ನೇಪಾಳದ ಖುಮ್‌ಜುಂಗ್ ಗ್ರಾಮದಲ್ಲಿ ಯೇತಿಯದೆಂದು ಕಾಪಾಡಿಕೊಂಡು ಬಂದಿದ್ದ ನೆತ್ತಿಚರ್ಮವು, ಮೇಕೆಯನ್ನು ಹೋಲುವ ಸೆರೋ ಎಂಬ ಪ್ರಾಣಿಯ ಚರ್ಮದಿಂದ ಮಾಡಿದ್ದೆಂದು ತಜ್ಞರ ಪರೀಕ್ಷೆಯಿಂದ ತಿಳಿದುಬಂದಿತು.

ದೂರದರ್ಶನ

ಚಿಕಾಗೋದಲ್ಲಿದ್ದಾಗ ಪರ್ಕಿನ್ಸ್ ಆರಂಭಿಸಿದ 'ಝೂ ಪರೇಡ್' ಕಾರ್ಯಕ್ರಮವು ಎನ್‌ಬಿಸಿ ವಾಹಿನಿಯಲ್ಲಿ ೧೯೫೭ರವರೆಗೆ ಪ್ರಸಾರವಾಯಿತು. ಲಿಂಕನ್ ಪಾರ್ಕ್‌ನ ಪ್ರಾಣಿಗಳನ್ನು ಕ್ಯಾಮೆರಾದ ಮುಂದೆ ತಂದು ಪರಿಚಯಿಸುವುದು ಅದರ ಕ್ರಮವಾಗಿತ್ತು. ೧೯೫೧ರಲ್ಲಿ ಪೂರ್ವಾಭ್ಯಾಸದ ವೇಳೆ ರ್‍ಯಾಟಲ್ ಹಾವೊಂದು ಅವರನ್ನು ಕಚ್ಚಿತು. ಈ ಘಟನೆ ಪ್ರಸಾರವಾಗಿರಲೇ ಇಲ್ಲ. ಆದರೂ ಅದನ್ನು ತಾವು ಕಣ್ಣಾರೆ ಕಂಡುದಾಗಿ ಹಲವು ವೀಕ್ಷಕರು ಮುಂದೆ ಹೇಳಿಕೊಂಡರು.

೧೯೬೩ರ ಜನವರಿಯಲ್ಲಿ ಮ್ಯೂಚುಯಲ್ ಆಫ್ ಒಮಾಹಾ ವಿಮಾ ಸಂಸ್ಥೆಯ ಪ್ರಾಯೋಜಕತ್ವದಲ್ಲಿ 'ವೈಲ್ಡ್ ಕಿಂಗ್‌ಡಮ್' ಆರಂಭವಾಯಿತು. ಪ್ರಾಣಿಗಳನ್ನು ಸ್ಟುಡಿಯೋಗೆ ತರುವ ಬದಲು ಕ್ಯಾಮೆರಾವನ್ನೇ ಅವುಗಳ ನೆಲೆಗಳಿಗೆ ಒಯ್ಯುವುದು ಇದರ ವೈಶಿಷ್ಟ್ಯ. ಸಹನಿರೂಪಕ ಜಿಮ್ ಫೌಲರ್ ಅಪಾಯಕಾರಿ ಪ್ರಾಣಿಗಳೊಡನೆ ಸೆಣಸುತ್ತಿದ್ದರೆ ಪರ್ಕಿನ್ಸ್ ಸುರಕ್ಷಿತ ದೂರದಿಂದ ವಿವರಣೆ ನೀಡುತ್ತಾರೆಂಬುದು ಅಮೆರಿಕದಲ್ಲಿ ಜನಪ್ರಿಯ ಹಾಸ್ಯವಾಯಿತು. ಸರಣಿಗೆ ನಾಲ್ಕು ಎಮ್ಮಿ ಪ್ರಶಸ್ತಿಗಳು ಸಂದವು. ೧೯೭೧ರಲ್ಲಿ ಎನ್‌ಬಿಸಿಯ ನಿಯಮಿತ ಪ್ರಸಾರ ಕೊನೆಗೊಂಡ ಮೇಲೆ ಸ್ಥಳೀಯ ಕೇಂದ್ರಗಳ ಮೂಲಕ ಸರಣಿ ಮುಂದುವರಿಯಿತು. ೧೯೮೫ರಲ್ಲಿ ಪರ್ಕಿನ್ಸ್ ಅನಾರೋಗ್ಯದಿಂದ ನಿವೃತ್ತರಾದರು.

ಟೀಕೆ

ಸರಣಿಯ ಕೆಲವು ದೃಶ್ಯಗಳು ಸಹಜವಾಗಿ ನಡೆದವಲ್ಲ, ಚಿತ್ರೀಕರಣಕ್ಕಾಗಿಯೇ ಏರ್ಪಡಿಸಿದವು ಎಂಬ ಆರೋಪ ಕೇಳಿಬಂದಿತು. ಕೆನಡಾದ ಸಿಬಿಸಿ ವಾಹಿನಿ ೧೯೮೨ರಲ್ಲಿ ಪ್ರಸಾರ ಮಾಡಿದ 'ಕ್ರೂಯೆಲ್ ಕ್ಯಾಮೆರಾ' ಎಂಬ ತನಿಖಾ ಸಾಕ್ಷ್ಯಚಿತ್ರವು ಚಲನಚಿತ್ರ ಹಾಗೂ ದೂರದರ್ಶನಗಳಲ್ಲಿ ಪ್ರಾಣಿಗಳ ಬಳಕೆಯನ್ನು ಪರಿಶೀಲಿಸುವಾಗ ಈ ಸರಣಿಯನ್ನೂ ಪ್ರಸ್ತಾಪಿಸಿತು. ಪ್ರಾಣಿಗಳನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವ ದೃಶ್ಯಗಳು ನೋಡುಗರನ್ನು ಸೆಳೆದರೂ ಅವು ಪ್ರಾಣಿಗಳ ಸಹಜ ವರ್ತನೆಯನ್ನು ತೋರಿಸುವುದಿಲ್ಲ ಎಂಬುದು ಟೀಕೆಯ ಸಾರ. ಹಿಮದ ಮೇಲಿನ ಹೆಜ್ಜೆಗಳನ್ನು ಸಾಕ್ಷ್ಯದ ಒರೆಗೆ ಹಚ್ಚಿದ್ದ ಪ್ರಾಣಿತಜ್ಞರ ಕಾರ್ಯಕ್ರಮವೇ ಸತ್ಯಾಸತ್ಯತೆಯ ಪ್ರಶ್ನೆಯನ್ನು ಎದುರಿಸಬೇಕಾಯಿತು.

ತೋಳಗಳ ಸಂರಕ್ಷಣೆ ಮತ್ತು ಪರಂಪರೆ

ಅಮೆರಿಕದಲ್ಲಿ ತೋಳವನ್ನು ಜಾನುವಾರುಗಳ ಶತ್ರುವೆಂದು ಬಗೆದು ಬೇಟೆ, ಬೋನು ಹಾಗೂ ವಿಷಗಳಿಂದ ಬಹುತೇಕ ನಿರ್ಮೂಲಗೊಳಿಸಲಾಗಿತ್ತು. ಪರ್ಕಿನ್ಸ್ ಮತ್ತು ಅವರ ಪತ್ನಿ ಕ್ಯಾರಲ್ ೧೯೭೧ರಲ್ಲಿ ಸೇಂಟ್ ಲೂಯಿಸ್ ಸಮೀಪ ತೋಳಗಳ ಸಂರಕ್ಷಣೆ ಮತ್ತು ಸಂಶೋಧನೆಗಾಗಿ ಕೇಂದ್ರವೊಂದನ್ನು ಸ್ಥಾಪಿಸಿದರು. ಇದು ಈಗ 'ಎಂಡೇಂಜರ್ಡ್ ವುಲ್ಫ್ ಸೆಂಟರ್' ಎಂಬ ಹೆಸರಿನಲ್ಲಿದೆ. ೧೯೭೦ರ ದಶಕದ ಕೊನೆಯಲ್ಲಿ ಮೆಕ್ಸಿಕೋದಲ್ಲಿ ಹಿಡಿದ ಬೆರಳೆಣಿಕೆಯ ತೋಳಗಳಿಂದ ಮೆಕ್ಸಿಕನ್ ತೋಳದ ಸಂತತಿಯನ್ನು ಉಳಿಸುವ ಕಾರ್ಯದಲ್ಲಿ ಈ ಕೇಂದ್ರವು ಪ್ರಮುಖ ಪಾತ್ರ ವಹಿಸಿತು. ಹೀಗೆ ಸಂರಕ್ಷಿತ ಕೇಂದ್ರಗಳಲ್ಲಿ ಬೆಳೆಸಿದ ತೋಳಗಳನ್ನು ೧೯೯೮ರಲ್ಲಿ ಅರಿಜೋನಾ ರಾಜ್ಯದ ಕಾಡಿಗೆ ಮೊದಲ ಬಾರಿಗೆ ಬಿಡಲಾಯಿತು. ಪರ್ಕಿನ್ಸ್ ಅದಕ್ಕೆ ೧೨ ವರ್ಷ ಮೊದಲೇ ಕ್ಯಾನ್ಸರ್‌ನಿಂದ ನಿಧನರಾಗಿದ್ದರು. ಹುಟ್ಟೂರಾದ ಕಾರ್ತೇಜ್‌ನಲ್ಲಿ ಅವರ ಕಂಚಿನ ಪ್ರತಿಮೆಯಿದೆ.