ಕಮಲಾದೇವಿ ಚಟ್ಟೋಪಾಧ್ಯಾಯ

ಕಮಲಾದೇವಿ ಚಟ್ಟೋಪಾಧ್ಯಾಯ (3 ಏಪ್ರಿಲ್ 1903 – 29 ಅಕ್ಟೋಬರ್ 1988) ಅವರು ಸ್ವಾತಂತ್ರ್ಯ ಹೋರಾಟಗಾರ್ತಿ, ಸಮಾಜವಾದಿ ನಾಯಕಿ, ಮಹಿಳಾ ಹಕ್ಕುಗಳ ಪ್ರತಿಪಾದಕಿ ಹಾಗೂ ಸ್ವತಂತ್ರ ಭಾರತದಲ್ಲಿ ಕರಕುಶಲ ಕಲೆಗಳ ಪುನರುಜ್ಜೀವನಕ್ಕೆ ಕಾರಣರಾದ ಪ್ರಮುಖರು. ಮಂಗಳೂರಿನಲ್ಲಿ ಜನಿಸಿದ ಇವರು ಕಸೂತಿ, ಕೈಮಗ್ಗ, ಕಲಂಕಾರಿ, ರತ್ನಗಂಬಳಿ ಮೊದಲಾದ ಕಲೆಗಳನ್ನು ಜೀವನೋಪಾಯದ ಮಾರ್ಗವಾಗಿ ಉಳಿಸಲು ಬಾಳಿನ ಉತ್ತರಾರ್ಧವನ್ನೆಲ್ಲ ಮೀಸಲಿಟ್ಟರು.

ಜನನ ಮತ್ತು ಬಾಲ್ಯ

ಕಮಲಾದೇವಿ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರ ಅವರು ಸರ್ಕಾರದ ಉನ್ನತ ಅಧಿಕಾರಿ; ತಾಯಿ ಗಿರಿಜಾಬಾಯಿ. ಕಮಲಾದೇವಿಗೆ ಏಳು ವರ್ಷವಿದ್ದಾಗ ತಂದೆ ಉಯಿಲು ಬರೆಯದೆ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲವೂ ಅವರ ಮೊದಲ ಹೆಂಡತಿಯ ಮಗನಿಗೆ ಸೇರಿತು. ಗಿರಿಜಾಬಾಯಿ ಮತ್ತು ಅವರ ಹೆಣ್ಣುಮಕ್ಕಳ ಪಾಲಿಗೆ ಉಳಿದದ್ದು ಮಾಸಿಕ ಜೀವನಾಂಶ ಮಾತ್ರ. ಗಿರಿಜಾಬಾಯಿ ಅದನ್ನು ನಿರಾಕರಿಸಿ, ತಮ್ಮ ತವರಿನಿಂದ ಬಂದ ಸೊತ್ತಿನಲ್ಲಿಯೇ ಮಕ್ಕಳನ್ನು ಸಾಕಿದರು. ಮಹಿಳೆಗೆ ಸ್ವಂತ ಸಂಪಾದನೆ ಮತ್ತು ಸ್ವಂತ ಆಸ್ತಿ ಇರಬೇಕೆಂದು ಕಮಲಾದೇವಿ ಮುಂದೆ ಹಿಡಿದ ಹಟದ ಬೇರನ್ನು ಇಲ್ಲಿ ಕಾಣಬಹುದು.

ಹದಿನಾಲ್ಕನೆಯ ವಯಸ್ಸಿನಲ್ಲಿ ವಿವಾಹವಾದ ಅವರು ಎರಡೇ ವರ್ಷಗಳಲ್ಲಿ ವಿಧವೆಯಾದರು. ಬಳಿಕ ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಓದುತ್ತಿದ್ದಾಗ ಸರೋಜಿನಿ ನಾಯ್ಡು ಅವರ ಸಹೋದರ, ಕವಿ ಹಾಗೂ ನಟ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಯಿತು. ವಿಧವಾ ವಿವಾಹ ಮತ್ತು ಅಂತರ್ಭಾಷಾ ವಿವಾಹ ಎರಡನ್ನೂ ಸಮಾಜ ಒಪ್ಪದಿದ್ದ ಆ ಕಾಲದಲ್ಲಿ ಅವರಿಬ್ಬರೂ ಮದುವೆಯಾದರು. ಇವರ ಮಗ ರಾಮಕೃಷ್ಣ. ಈ ದಾಂಪತ್ಯ ಮುಂದೆ ವಿಚ್ಛೇದನದಲ್ಲಿ ಕೊನೆಗೊಂಡಿತು. ಮದುವೆಯ ನಂತರ ಕಮಲಾದೇವಿ ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರವನ್ನು ಅಭ್ಯಾಸ ಮಾಡಿದರು.

ಸ್ವಾತಂತ್ರ್ಯ ಹೋರಾಟ

ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಸ್ವದೇಶಕ್ಕೆ ಮರಳಿದ ಇವರು ಸೇವಾದಳವನ್ನು ಸೇರಿದರು. 1926ರಲ್ಲಿ ಮಾರ್ಗರೆಟ್ ಕಸಿನ್ಸ್ ಅವರ ಪ್ರೇರಣೆಯಿಂದ ಮದ್ರಾಸ್ ಪ್ರಾಂತೀಯ ಶಾಸನ ಸಭೆಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತರು. ಮರುವರ್ಷ ಸ್ಥಾಪನೆಯಾದ ಅಖಿಲ ಭಾರತ ಮಹಿಳಾ ಸಮ್ಮೇಳನದ ಸಂಘಟನಾ ಕಾರ್ಯದರ್ಶಿಯಾಗಿ ದೇಶವೆಲ್ಲ ಸಂಚರಿಸಿದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮಹಿಳೆಯರಿಗೂ ಅವಕಾಶವಿರಬೇಕೆಂದು ಗಾಂಧೀಜಿಯವರಲ್ಲಿ ವಾದಿಸಿ ಒಪ್ಪಿಸಿದರು. ತಾವೇ ತಯಾರಿಸಿದ ಉಪ್ಪಿನ ಪೊಟ್ಟಣಗಳನ್ನು ಮಾರಲು ಮುಂಬಯಿಯ ಷೇರುಪೇಟೆಗೆ ನುಗ್ಗಿದರು. ಇದಕ್ಕಾಗಿ ಸೆರೆವಾಸವನ್ನೂ ಅನುಭವಿಸಿದರು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷರಾದರು.

ಸಹಕಾರದಿಂದ ಕರಕುಶಲ ಕಲೆಗೆ

ಸ್ವಾತಂತ್ರ್ಯದ ನಂತರ ಅನೇಕ ನಾಯಕರು ಅಧಿಕಾರದ ಕಡೆಗೆ ನಡೆದರೆ, ಕಮಲಾದೇವಿ ನಡೆದದ್ದು ನಿರಾಶ್ರಿತರ ಶಿಬಿರಗಳತ್ತ. ದೇಶವಿಭಜನೆಯಿಂದ ಮನೆಮಠ ಕಳೆದುಕೊಂಡು ವಾಯವ್ಯ ಗಡಿನಾಡಿನಿಂದ ಬಂದವರಿಗಾಗಿ ಭಾರತೀಯ ಸಹಕಾರ ಸಂಘವನ್ನು ಕಟ್ಟಿ, ದೆಹಲಿಯ ಬಳಿಯ ಫರೀದಾಬಾದ್ ಪಟ್ಟಣ ತಲೆಯೆತ್ತಲು ನೆರವಾದರು. ನಿರಾಶ್ರಿತರಿಗೆ ದಾನಕ್ಕಿಂತ ದುಡಿಮೆ ಬೇಕೆಂಬುದು ಅವರ ನಿಲುವಾಗಿತ್ತು. ಸರ್ವಸ್ವವನ್ನೂ ಕಳೆದುಕೊಂಡು ಬಂದವರ ಬಳಿ ಉಳಿದಿದ್ದುದು ಕೈಯಲ್ಲಿದ್ದ ಕಸುಬೊಂದೇ.

1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಲಿಗೆ ಅವರೇ ಮೊದಲ ಅಧ್ಯಕ್ಷೆ. ಅದೇ ವರ್ಷ ದೆಹಲಿಯ ಕೇಂದ್ರೀಯ ಗೃಹೋದ್ಯೋಗ ಮಾರಾಟ ಮಳಿಗೆಯ ನಿರ್ವಹಣೆಯೂ ಸಹಕಾರ ಸಂಘದ ಕೈಸೇರಿತು. ಗಿರಣಿಯ ಬಟ್ಟೆ ಅಗ್ಗವಾಗಿ ದೊರೆಯುತ್ತಿದ್ದ, ಕಾರ್ಖಾನೆಗಳೇ ಪ್ರಗತಿಯ ಗುರುತಾಗಿದ್ದ ಕಾಲವದು. ರಾಜಾಶ್ರಯ ಹೋಗಿ ಕುಶಲಕರ್ಮಿಗಳು ದಲ್ಲಾಳಿಗಳ ಸಾಲಕ್ಕೆ ಸಿಲುಕಿದ್ದರು. ಅವರ ಮಕ್ಕಳು ಕುಲಕಸುಬನ್ನು ಬಿಟ್ಟು ಕೂಲಿಗೆ ಹೋಗುತ್ತಿದ್ದರು. ಕಮಲಾದೇವಿ ಹಳ್ಳಿಹಳ್ಳಿ ಸುತ್ತಿ, ನಶಿಸುತ್ತಿದ್ದ ಕಲೆಗಳನ್ನೂ ಅವುಗಳನ್ನು ಬಲ್ಲ ಹಿರಿಯರನ್ನೂ ಹುಡುಕಿದರು. ಬೆಂಗಳೂರು ಸೇರಿದಂತೆ ಕೆಲವು ನಗರಗಳಲ್ಲಿ ಪ್ರಾದೇಶಿಕ ವಿನ್ಯಾಸ ಕೇಂದ್ರಗಳು ಆರಂಭವಾದವು. ಆಂಧ್ರದ ಶ್ರೀಕಾಳಹಸ್ತಿಯಲ್ಲಿ, ಬಿದಿರಿನ ಲೇಖನಿಯಿಂದ ಬಟ್ಟೆಯ ಮೇಲೆ ಚಿತ್ರ ಬರೆಯುವ ಕಲಂಕಾರಿ ಕಲೆಗೆ ಮರುಜೀವ ಬಂದದ್ದು ಈ ಪ್ರಯತ್ನದಿಂದಲೇ. ನಿಪುಣ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ನೀಡುವ ಪದ್ಧತಿ 1965ರಲ್ಲಿ ಜಾರಿಗೆ ಬಂತು. ಅಲ್ಲಿಯವರೆಗೆ ಹೆಸರಿಲ್ಲದೆ ದುಡಿದವರು ತಮ್ಮ ಹೆಸರಿನಿಂದಲೇ ಗುರುತಿಸಲ್ಪಟ್ಟದ್ದು ಸಣ್ಣ ಮಾತಲ್ಲ.

1964ರಲ್ಲಿ ಅಮೆರಿಕದ ಐಲೀನ್ ಆಸ್ಬಾರ್ನ್ ವೆಬ್ ಅವರೊಡನೆ ವಿಶ್ವ ಕರಕುಶಲ ಪರಿಷತ್ತನ್ನು ಸ್ಥಾಪಿಸಿದರು. ಭಾರತೀಯ ಕರಕುಶಲ ಪರಿಷತ್ತು ಹುಟ್ಟಿದ್ದೂ ಅದೇ ವರ್ಷ.

ಕಸೂತಿಯ ಪ್ರಶ್ನೆ

ಕಮಲಾದೇವಿಯವರ ಕೃತಿಗಳಲ್ಲಿ 1977ರಲ್ಲಿ ಪ್ರಕಟವಾದ ಇಂಡಿಯನ್ ಎಂಬ್ರಾಯ್ಡರಿ ಕನ್ನಡಿಗರಿಗೆ ವಿಶೇಷವಾಗಿ ಮುಖ್ಯವಾದುದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಂತಹ ಮಲೆನಾಡಿನ ಊರುಗಳಲ್ಲಿ ದಿಂಬಿನ ಚೀಲದ ಮೇಲೆ ಸೂಜಿಯಿಂದ ಹಾಕಿದ ಯಾವ ಹೂವಿಗಾದರೂ ಕಸೂತಿ ಎಂದೇ ಹೆಸರು. ಧಾರವಾಡ ಸೀಮೆಯ ಸಾಂಪ್ರದಾಯಿಕ ಕಸೂತಿ ಇದಕ್ಕಿಂತ ಬೇರೆ. ಅಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆಗಳನ್ನು ಎಣಿಸುತ್ತ, ಗಂಟು ಹಾಕದೆ, ಗೋಪುರ, ತೇರು, ತುಳಸಿಕಟ್ಟೆ, ನವಿಲು, ಆನೆಗಳನ್ನು ಮೂಡಿಸುತ್ತಾರೆ. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಮೊದಲಿನ ಎರಡು ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ರೀತಿ ಕಾಣಬೇಕು. ಗವಂತಿಯಲ್ಲಿ ಸೂಜಿ ಒಮ್ಮೆ ಎಡೆಬಿಟ್ಟು ಸಾಗಿ, ಬಂದ ದಾರಿಯಲ್ಲೇ ಹಿಂದಿರುಗಿ ಬಿಟ್ಟ ಎಡೆಗಳನ್ನು ತುಂಬುತ್ತದೆ. ಎಣಿಕೆಯಲ್ಲಿ ಒಂದು ಎಳೆ ತಪ್ಪಿದರೂ ದಾರಿ ಕೂಡುವುದಿಲ್ಲ. ಇಳಕಲ್ ಸೀರೆಗಳ ಮೇಲೆ, ಅದರಲ್ಲೂ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ, ಈ ಕೆಲಸ ಎದ್ದು ಕಾಣುತ್ತದೆ.

ಇಷ್ಟು ಶ್ರಮದ ಕೆಲಸಕ್ಕೆ ಬೆಲೆಯೆಂಬುದೇ ಇರಲಿಲ್ಲ. ತಾಯಿ ಮಗಳಿಗಾಗಿ, ಮದುವೆಗಾಗಿ, ಬಿಡುವಿನ ವೇಳೆಯಲ್ಲಿ ಹಾಕುತ್ತಿದ್ದುದು ಅದು. ದುಡಿಮೆಯೆಂದು ಯಾರೂ ಎಣಿಸಿರಲಿಲ್ಲ. ಕನ್ನಡಿ, ಕವಡೆ, ನಾಣ್ಯಗಳಿಂದ ಅಲಂಕರಿಸುವ ಲಂಬಾಣಿ ಮಹಿಳೆಯರ ಕಸೂತಿಯೂ ಬಹುಮಟ್ಟಿಗೆ ಅವರ ಸ್ವಂತ ಉಡುಪಿಗೇ ಸೀಮಿತವಾಗಿತ್ತು. ಮಾರುಕಟ್ಟೆಗೆ ಇಳಿದರೆ ಅವಸರದಲ್ಲಿ ಹೊಲಿಗೆ ಕೆಡುತ್ತದೆ. ಇಳಿಯದಿದ್ದರೆ ಕಲೆಯೇ ಮರೆಯಾಗುತ್ತದೆ. ಕಮಲಾದೇವಿ ಇವೆರಡರ ನಡುವಿನ ದಾರಿಯನ್ನು ಹುಡುಕಿದರು. ಕಲೆ ವಸ್ತುಸಂಗ್ರಹಾಲಯದಲ್ಲಿ ಉಳಿದರೆ ಸಾಲದು, ನಿತ್ಯ ಬಳಕೆಯಲ್ಲಿರಬೇಕು, ಮಾಡಿದವರಿಗೆ ನ್ಯಾಯವಾದ ಪ್ರತಿಫಲ ಸಿಗಬೇಕು, ಆದರೆ ಬೇಡಿಕೆಯ ಹೆಸರಿನಲ್ಲಿ ಗುಣಮಟ್ಟ ಇಳಿಯಬಾರದು ಎಂಬುದು ಅವರ ಆಗ್ರಹ. ಈ ಸಮಸ್ಯೆ ಅವರ ಕಾಲಕ್ಕೆ ಪೂರ್ತಿ ಪರಿಹಾರವಾಯಿತೆಂದು ಹೇಳಲಾಗದು. ಯಂತ್ರದಲ್ಲಿ ಹೊಲಿದ ಕಸೂತಿ ಮಾದರಿಯ ಸೀರೆಗಳು ಇಂದು ಅಗ್ಗವಾಗಿ ಮಾರಾಟವಾಗುತ್ತಿವೆ. ಧಾರವಾಡದ ಕಸೂತಿಗೂ ಸಂಡೂರಿನ ಲಂಬಾಣಿ ಕಸೂತಿಗೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ.

ರಂಗಭೂಮಿ ಮತ್ತು ಚಲನಚಿತ್ರ

ಶೂದ್ರಕನ ನಾಟಕವನ್ನು ಆಧರಿಸಿ ಮೋಹನ್ ಭಾವನಾನಿ ನಿರ್ದೇಶಿಸಿದ ವಸಂತಸೇನಾ ಎಂಬ ಮೂಕಿ ಚಿತ್ರದಲ್ಲಿ ಕಮಲಾದೇವಿ ಅಭಿನಯಿಸಿದ್ದರು. ಟಿ. ಪಿ. ಕೈಲಾಸಂ ಅವರೂ ಅದರ ಪಾತ್ರವರ್ಗದಲ್ಲಿದ್ದರು. ಕುಲೀನ ಮನೆತನದ ಹೆಣ್ಣುಮಕ್ಕಳು ಅಭಿನಯಿಸುವುದು ನಿಂದೆಗೆ ಗುರಿಯಾಗುತ್ತಿದ್ದ ದಿನಗಳವು. 1964ರಲ್ಲಿ ಬೆಂಗಳೂರಿನಲ್ಲಿ ಕಥಕ್ ಮತ್ತು ನೃತ್ಯ ಸಂಯೋಜನೆಯ ನಾಟ್ಯ ಸಂಸ್ಥೆ ಆರಂಭವಾಗುವಲ್ಲಿಯೂ ಅವರ ಪಾತ್ರವಿತ್ತು.

ಪ್ರಶಸ್ತಿಗಳು ಮತ್ತು ನಿಧನ

ಪದ್ಮಭೂಷಣ (1955), ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ (1966), ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್ (1974) ಮತ್ತು ಪದ್ಮವಿಭೂಷಣ (1987) ಇವರಿಗೆ ಸಂದಿವೆ. ಆತ್ಮಕಥೆ ಇನ್ನರ್ ರಿಸೆಸಸ್ ಔಟರ್ ಸ್ಪೇಸಸ್ 1986ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ನಂತರ, 29 ಅಕ್ಟೋಬರ್ 1988ರಂದು, ತಮ್ಮ 85ನೆಯ ವಯಸ್ಸಿನಲ್ಲಿ ಮುಂಬಯಿಯಲ್ಲಿ ನಿಧನರಾದರು. ಮಹಿಳಾ ನೇಕಾರರು ಮತ್ತು ಕುಶಲಕರ್ಮಿಗಳಿಗಾಗಿ ಕೇಂದ್ರ ಜವಳಿ ಸಚಿವಾಲಯವು 2017ರಲ್ಲಿ ಇವರ ಹೆಸರಿನಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನು ಪ್ರಕಟಿಸಿತು.