ಕೂಸುಗಳ ಉಸಿರಿಗೆ ದಾರಿ ಮಾಡಿದ ವೈದ್ಯ

ವರ್ಷಗಟ್ಟಲೆ ದುಡಿದು ತಾನೇ ರೂಪಿಸಿದ ಸಾಧನವನ್ನು ಮೂಲೆಗೆ ಸರಿಸುವಂತಹ ಹೊಸ ಮದ್ದೊಂದು ಬಂದಾಗ, ಅದನ್ನು ಮುಂದೆ ನಿಂತು ಬರಮಾಡಿಕೊಳ್ಳುವವರು ಎಷ್ಟು ಮಂದಿ? ಡಾಕ್ಟರ್ ಜೋಸೆಫ್ ಓಡ್ವಯರ್ ಅಂತಹ ವಿರಳರಲ್ಲಿ ಒಬ್ಬರು.

1841ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ ಹುಟ್ಟಿದ ಅವರು, ಕೆನಡಾದಲ್ಲಿ ಬೆಳೆದು, ನ್ಯೂಯಾರ್ಕಿನಲ್ಲಿ ವೈದ್ಯವಿದ್ಯೆಯನ್ನು ಪಡೆದರು. 1872ರಲ್ಲಿ ಆ ನಗರದ ಫೌಂಡ್ಲಿಂಗ್ ಆಶ್ರಮದ ವೈದ್ಯರಾದರು. ಹೆತ್ತವರು ತೊರೆದ ಶಿಶುಗಳಿಗಾಗಿ ಕ್ರೈಸ್ತ ಸಂನ್ಯಾಸಿನಿಯರು 1869ರಲ್ಲಿ ತೆರೆದ ಆಸರೆ ಅದು. ಅಲ್ಲಿ ಗಂಟಲುಮಾರಿ ಕಾಲಿಟ್ಟಿತೆಂದರೆ ತೊಟ್ಟಿಲುಗಳು ಬರಿದಾಗುತ್ತಿದ್ದವು.

ಕೂಸಿನ ಶ್ವಾಸಮಾರ್ಗವು ಬಲು ಕಿರಿದು. ರೋಗದ ಪೊರೆ ಧ್ವನಿಪೆಟ್ಟಿಗೆಯಲ್ಲಿ ಕಟ್ಟಿಕೊಂಡರೆ ಗಾಳಿಗೆ ದಾರಿಯೇ ಇಲ್ಲ. ಪ್ರತಿ ಉಸಿರಿಗೂ ಪಕ್ಕೆಗಳು ಒಳಕ್ಕೆ ಸೆಳೆದು, ತುಟಿ ನೀಲಿಗಟ್ಟಿ, ಮಗು ಕಣ್ಣೆದುರಿಗೇ ಸಾಯುವುದು. ಕುತ್ತಿಗೆಯನ್ನು ಕೊಯ್ದು ಶ್ವಾಸನಾಳಕ್ಕೆ ರಂಧ್ರ ಮಾಡುವುದೊಂದೇ ಆಗಿನ ಉಪಾಯ. ಆಶ್ರಮದ ಎಳೆಯ ಮಕ್ಕಳಲ್ಲಿ ಅದು ಫಲಿಸಿದ್ದು ಇಲ್ಲವೆನ್ನುವಷ್ಟು ಅಪರೂಪ.

ಕೊಯ್ಯದೆ, ಬಾಯಿಯ ಮೂಲಕವೇ ಕೊಳವೆಯೊಂದನ್ನು ಇಳಿಸಬಾರದೇಕೆ? ಪ್ಯಾರಿಸಿನ ಬೂಶು ಎಂಬ ವೈದ್ಯರು 1858ರಲ್ಲಿ ಇದನ್ನು ಮಾಡಿ ನೋಡಿದ್ದರು. ಅಲ್ಲಿಯ ಪಂಡಿತಮಂಡಲಿ ಒಪ್ಪಲಿಲ್ಲ. 1880ರ ಸುಮಾರಿಗೆ ಓಡ್ವಯರ್ ಅದೇ ಯತ್ನಕ್ಕೆ ಕೈಯಿಟ್ಟರು. ಮೊದಲ ಕೊಳವೆಗಳು ಕೆಮ್ಮಿನೊಡನೆ ಹೊರಬಿದ್ದವು, ಇಲ್ಲವೆ ಒಳಗೆ ಹುಣ್ಣು ಮಾಡಿದವು. ಮಕ್ಕಳು ತೀರಿಕೊಂಡರು. ಅವರು ಎದೆಗುಂದದೆ ಆಕಾರವನ್ನು ತಿದ್ದಿದರು. ನಡುವೆ ಉಬ್ಬಿರುವ, ವಯಸ್ಸಿಗೆ ತಕ್ಕ ಅಳತೆಯ, ಚಿನ್ನದ ಲೇಪವುಳ್ಳ ಲೋಹದ ಕೊಳವೆಗಳನ್ನು ಮಾಡಿಸಿದರು. ಮಗುವನ್ನು ಕಂಬಳಿಯಲ್ಲಿ ಸುತ್ತಿ ದಾದಿಯು ತೊಡೆಯ ಮೇಲೆ ನೆಟ್ಟಗೆ ಹಿಡಿಯುವಳು. ವೈದ್ಯರು ಎಡಗೈ ತೋರುಬೆರಳಿನಿಂದ ಕಿರುನಾಲಗೆಯಾಚೆಯ ಮುಚ್ಚಳವನ್ನೆತ್ತಿ ಕೊಳವೆಯನ್ನು ಕ್ಷಣಮಾತ್ರದಲ್ಲಿ ಇಳಿಸುವರು. 1885ರಲ್ಲಿ ಅವರು ಈ ಕ್ರಮವನ್ನು ಪ್ರಕಟಿಸಿದರು. ಕೆಲವೇ ವರ್ಷಗಳಲ್ಲಿ ಅದು ದೇಶದೇಶಗಳಿಗೆ ಹಬ್ಬಿತು.

ಕೊಳವೆಗೂ ಮಿತಿಯಿತ್ತು. ಪೊರೆ ಶ್ವಾಸಕೋಶದ ಕವಲುಗಳಿಗೆ ಇಳಿದರೆ, ಅಥವಾ ನ್ಯುಮೋನಿಯಾ ಬಂದೆರಗಿದರೆ, ಮೇಲಿನ ಬಾಗಿಲನ್ನು ತೆರೆದಿಟ್ಟು ಫಲವಿಲ್ಲ. ಆದುದರಿಂದಲೇ, 1890ರ ಸಂಶೋಧನೆಯಿಂದ ಹೊರಟ ಪ್ರತಿವಿಷ ಸೀರಮ್ ಕೆಲವು ವರ್ಷಗಳ ಬಳಿಕ ಆಸ್ಪತ್ರೆಗಳಿಗೆ ಬಂದಾಗ, ಅದನ್ನು ಮೊದಮೊದಲೇ ಪರೀಕ್ಷಿಸಿ ಎತ್ತಿಹಿಡಿದವರಲ್ಲಿ ಓಡ್ವಯರ್ ಒಬ್ಬರಾದರು. ರೋಗದ ಬುಡಕ್ಕೇ ತಾಗುವ ಮದ್ದು ಬಂದಮೇಲೆ ತಮ್ಮ ಕೊಳವೆಯ ಅಗತ್ಯ ಕುಗ್ಗುವುದೆಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. 1898ರ ಜನವರಿಯಲ್ಲಿ ಅವರು ನಿಧನರಾದರು.

ಆದರೆ ಆ ಕೊಳವೆ ಅಳಿಯಲಿಲ್ಲ. ಅವರ ಕಾಲದಲ್ಲಿಯೇ ಅದನ್ನು ಫೆಲ್ ಎಂಬ ವೈದ್ಯರ ತಿದಿಗೆ ಜೋಡಿಸಿ, ಉಸಿರಾಟ ನಿಂತವರಿಗೆ ಗಾಳಿಯೂದಿದ್ದುಂಟು. ಇಂದು ನ್ಯುಮೋನಿಯಾ ಮುಂತಾದ ಎದೆಯ ಸೋಂಕಿನಿಂದ ಬಳಲುವ ಕೂಸಿಗೆ ಆಸ್ಪತ್ರೆಯಲ್ಲಿ ಮೊದಲು ಆಮ್ಲಜನಕ ಮತ್ತು ತಕ್ಕ ಔಷಧ. ಅಷ್ಟರಿಂದಲೂ ಆ ಪುಟ್ಟ ಎದೆ ಸೋತಾಗ, ಮೃದುವಾದ ಪ್ಲಾಸ್ಟಿಕ್ ಕೊಳವೆಯೊಂದು ಬಾಯಿ ಅಥವಾ ಮೂಗಿನಿಂದ ಶ್ವಾಸನಾಳಕ್ಕೆ ಇಳಿದು, ಯಂತ್ರದ ಉಸಿರನ್ನು ಒಯ್ಯುತ್ತದೆ. ಯಾರೂ ಇಲ್ಲದ ಮಕ್ಕಳಿಗಾಗಿ ಹುಡುಕಿದ ದಾರಿ ಎಲ್ಲರ ಮಕ್ಕಳಿಗೂ ಒದಗಿತು.