ಬೆಲೂನಿನ ಮೊದಲ ಸಾರಥಿ

ಕುದುರೆಗೆ ಲಗಾಮುಂಟು, ದೋಣಿಗೆ ಚುಕ್ಕಾಣಿಯುಂಟು. ಬಿಸಿಗಾಳಿಯ ಬೆಲೂನಿಗೆ ಎರಡೂ ಇಲ್ಲ. ಗಾಳಿ ಒಯ್ದತ್ತ ಅದು ಸಾಗುವುದು. ಏರುವುದು, ಇಳಿಯುವುದು ಇವೆರಡೇ ಸಾರಥಿಯ ಕೈಯಲ್ಲಿರುವುವು. ಇಂತಹ ವಾಹನದಲ್ಲಿ ಮೊದಲು ಮುಕ್ತವಾಗಿ ಆಕಾಶಕ್ಕೇರಿದ ಇಬ್ಬರಲ್ಲಿ ಫ್ರಾನ್ಸಿನ ಪಿಲಾತ್ರ್ ದ ರೊಜಿಯೇ ಒಬ್ಬನು.

ಆತನು 1754ರ ಮಾರ್ಚ್ 30ರಂದು ಮೆಟ್ಸ್ ನಗರದಲ್ಲಿ ಜನಿಸಿದನು. ತಂದೆಯು ಸೈನ್ಯವನ್ನು ಬಿಟ್ಟು ಪ್ರಯಾಣಿಕರ ತಂಗುಮನೆಯನ್ನು ನಡೆಸುತ್ತಿದ್ದನು. ಮಗನು ಔಷಧದಂಗಡಿಯಲ್ಲಿ ಕೆಲಸ ಕಲಿತು, ಪ್ಯಾರಿಸಿಗೆ ಹೋಗಿ, 1781ರಲ್ಲಿ ಅಲ್ಲಿ ವಿಜ್ಞಾನ ಬೋಧಿಸುವ ಸಂಸ್ಥೆಯೊಂದನ್ನು ತೆರೆದನು.

1783ರ ಸೆಪ್ಟೆಂಬರಿನಲ್ಲಿ ಮಾಂಗೋಲ್ಫಿಯೇ ಸಹೋದರರ ಬೆಲೂನು ಒಂದು ಕುರಿ, ಒಂದು ಹುಂಜ, ಒಂದು ಬಾತುಕೋಳಿಗಳನ್ನು ಹೊತ್ತು ಹಾರಿತು. ಮನುಷ್ಯನ ಸರದಿ ಬಂದಾಗ ದೊರೆ ಹದಿನಾರನೆಯ ಲೂಯಿಯು ಮರಣದಂಡನೆಯ ಕೈದಿಗಳನ್ನು ಕಳುಹಿಸಲು ಯೋಚಿಸಿದನು. ಆ ಗೌರವವು ಅಪರಾಧಿಗಳಿಗೆ ಸಲ್ಲಬಾರದೆಂದು ಪಿಲಾತ್ರನು ಹಟ ಹಿಡಿದು ಅನುಮತಿ ಪಡೆದನು. ನವೆಂಬರ್ 21ರಂದು ಮಾರ್ಕಿ ದಾರ್ಲಾಂದನೊಡನೆ ಪ್ಯಾರಿಸಿನ ಮೇಲೆ 25 ನಿಮಿಷ ಹಾರಿ, ಸುಮಾರು 9 ಕಿಲೋಮೀಟರ್ ಸಾಗಿ ಸುಖವಾಗಿ ಇಳಿದನು. ಹುಲ್ಲಿನ ಬೆಂಕಿಯ ಕಿಡಿಗಳು ಬೆಲೂನಿನ ಬಟ್ಟೆಯನ್ನು ಸುಡತೊಡಗಿದಾಗ ಒದ್ದೆಯ ಸ್ಪಂಜಿನಿಂದ ಅವನ್ನು ಆರಿಸಲಾಯಿತು.

1784ರ ಜೂನ್ 23ರಂದು ರಸಾಯನಶಾಸ್ತ್ರಜ್ಞ ಪ್ರೂಸ್ತನೊಡನೆ ವರ್ಸೇಲ್ಸಿನಿಂದ ಹೊರಟು, ಮೋಡಗಳ ಮೇಲೆ ಸುಮಾರು 3,000 ಮೀಟರ್ ಏರಿ, 45 ನಿಮಿಷಗಳಲ್ಲಿ 52 ಕಿಲೋಮೀಟರ್ ಸಾಗಿದನು. ಚಳಿ ಹೆಚ್ಚಿತು, ಗಾಳಿ ಹೊಯ್ದಾಡತೊಡಗಿತು. ಮುಂದುವರಿದರೆ ಕೀರ್ತಿಯಿತ್ತು. ಆದರೂ ಇಬ್ಬರೂ ಷಾಂತೀಯಿ ಅರಣ್ಯದ ಬಳಿ ಇಳಿದುಬಿಟ್ಟರು.

ಆ ವಿವೇಕವೇ ಇಂದಿಗೂ ಸಾರಥಿಗೆ ಮೊದಲ ಪಾಠ. ಬಿಸಿಲೇರಿ ನೆಲ ಕಾದಂತೆ ಗಾಳಿಯು ಕುದಿಯುವ ನೀರಿನಂತೆ ಏಳುತ್ತ ಬೀಳುತ್ತ ಇರುತ್ತದೆ. ಅದರ ಹೊಡೆತಕ್ಕೆ ಬಟ್ಟೆ ತಗ್ಗಿ ಬಿಸಿಗಾಳಿ ಹೊರಬಿದ್ದರೆ ಬೆಲೂನು ಕುಸಿಯುವುದು. ಆದುದರಿಂದಲೇ ಇಂದು ಸೂರ್ಯೋದಯದ ಸುಮಾರಿಗೆ ಇಲ್ಲವೆ ಇಳಿಹೊತ್ತಿನಲ್ಲಿ ಹಾರುತ್ತಾರೆ. ಹೊಯ್ದಾಟಕ್ಕೆ ಸಿಕ್ಕಿದರೆ ಸಾರಥಿಯು ಗಾಬರಿಗೊಳ್ಳದೆ ಉರಿಯಿಂದ ಒಳಗಿನ ಕಾವನ್ನು ಉಳಿಸಿಕೊಳ್ಳಬೇಕು, ಶಾಂತವಾದ ಗಾಳಿಯ ಪದರವನ್ನು ಅರಸಬೇಕು, ವಿದ್ಯುತ್ ತಂತಿಗಳಿಲ್ಲದ ಬಯಲು ಕಂಡಾಗ ಇಳಿಯಬೇಕು. ಇಳಿಯುವಾಗ ಪ್ರಯಾಣಿಕರು ಮೊಣಕಾಲನ್ನು ತುಸು ಬಾಗಿಸಿ, ಬುಟ್ಟಿಯ ಒಳಗಿನ ಹಿಡಿಗಳನ್ನು ಭದ್ರವಾಗಿ ಹಿಡಿದಿರಬೇಕು.

ಪಿಲಾತ್ರನ ಮುಂದಿನ ಹಂಬಲ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟುವುದು. 1785ರ ಜನವರಿ 7ರಂದು ಬ್ಲಾಂಷಾರ್ ಮತ್ತು ಜೆಫ್ರೀಸ್ ಇಂಗ್ಲೆಂಡಿನಿಂದ ಫ್ರಾನ್ಸಿಗೆ ಹಾರಿಬಂದು ಆ ಕೀರ್ತಿಯನ್ನು ಪಡೆದರು. ಇವನು ಬುಲೋನಿನಲ್ಲಿ ಎದುರು ದಿಕ್ಕಿನ ಪ್ರಯಾಣಕ್ಕಾಗಿ ಅನುಕೂಲದ ಗಾಳಿಯನ್ನು ತಿಂಗಳುಗಟ್ಟಲೆ ಕಾದನು. ಅವನ ಹೊಸ ಬೆಲೂನಿನಲ್ಲಿ ಮೇಲೆ ಜಲಜನಕ, ಕೆಳಗೆ ಬಿಸಿಗಾಳಿ. ಥಟ್ಟನೆ ಹೊತ್ತಿಕೊಳ್ಳುವ ಅನಿಲದಡಿಯಲ್ಲೇ ಬೆಂಕಿ! ಜೂನ್ 15ರಂದು ಪಿಯೇರ್ ರೊಮೇನನೊಡನೆ ಏರಿದನು. ಗಾಳಿ ತಿರುಗಿ ಬೆಲೂನನ್ನು ದಡದತ್ತ ಹಿಂದಕ್ಕೆ ತಳ್ಳಿತು. ಒಮ್ಮೆಲೆ ಬೆಲೂನು ಬಲಗುಂದಿ ವಿಮೆರೊ ಬಳಿ ಬಿದ್ದಿತು. ಇಬ್ಬರೂ ಮಡಿದರು. ಪಿಲಾತ್ರನಿಗೆ ಆಗ 31 ವಯಸ್ಸು.

ಎರಡು ಅನಿಲಗಳನ್ನು ಜೋಡಿಸುವ ಅವನ ಕಲ್ಪನೆ ಮಾತ್ರ ಅಳಿಯಲಿಲ್ಲ. ಜಲಜನಕದ ಬದಲು ಹೊತ್ತಿಕೊಳ್ಳದ ಹೀಲಿಯಂ ತುಂಬಿದ ಅಂತಹದೇ ಬೆಲೂನಿನಲ್ಲಿ 1999ರಲ್ಲಿ ಪಿಕಾರ್ ಮತ್ತು ಜೋನ್ಸ್ ಎಲ್ಲಿಯೂ ಇಳಿಯದೆ ಭೂಮಿಯನ್ನು ಸುತ್ತಿದರು. ಆ ಜಾತಿಯ ಬೆಲೂನಿಗೆ ಇಂದಿಗೂ ರೊಜಿಯೇರ್ ಎಂದೇ ಹೆಸರು. ಏರುವ ಧೈರ್ಯ ಅವನಲ್ಲಿ ಸದಾ ಇತ್ತು. ಅವನನ್ನು ಒಮ್ಮೆ ಉಳಿಸಿದುದು ಮಾತ್ರ ಇಳಿಯುವ ವಿವೇಕ.